ಸಂಕರಾ ಮೀನಿನ ಕಿವಿಗಲ್ಲು

ಆದಿಲಕ್ಷ್ಮಿ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟು ತಲುಪುವಷ್ಟರಲ್ಲಿ ಮೀನಂಗಡಿಯ ಕುಪ್ಪುಸ್ವಾಮಿ ಮೀನಿನ ತಲೆಯನ್ನು ಎರಡು ಹೋಳು ಮಾಡಿಬಿಟ್ಟಿದ್ದ.

ಆಕೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ, ಎಂಬತ್ತನಾಲ್ಕನೇ ಇಸವಿಯಲ್ಲಿ ನಿವೃತ್ತರಾದವರು. ಉರಿಗಾಮಿನ ಮನೆಯಲ್ಲಿ ಒಬ್ಬರೇ. ಸಮುದ್ರದ ಇನ್ನೂರು ಮೀಟರು ಆಳದಲ್ಲಿ ಬದುಕುವ ದೊಡ್ಡ ಕಣ್ಣಿನ ಕೆಂಪು ಸಂಕರಾ ಮೀನು ಎಂದಾದರೂ ಮದ್ರಾಸಿನಿಂದ ಐಸಿನಲ್ಲಿ ಬಂದರೆ ತಲೆ ತೆಗೆದಿಡು ಎಂದು ಅವನಿಗೆ ಎರಡು ವರ್ಷದಿಂದ ಹೇಳಿಟ್ಟಿದ್ದರು. ಅದರ ಬುರುಡೆಯೊಳಗೆ ಕಿವಿಗಲ್ಲುಗಳಿರುತ್ತವೆ. ಮರದ ಕಾಂಡದಲ್ಲಿರುವಂತೆ ಅವುಗಳಲ್ಲೂ ವರ್ಷಕ್ಕೊಂದು ಉಂಗುರ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಒಮ್ಮೆಯೂ ಕಣ್ಣಾರೆ ಎಣಿಸಿರಲಿಲ್ಲ.

“ನಿಮ್ಮ ಕೈಲಿ ಒಡೆಯಕ್ಕಾಗಲ್ಲ ಅಂತ ನಾನೇ ಸೀಳಿಟ್ಟೆ ಟೀಚರಮ್ಮ. ಕೊಳಂಬು ಸಾರಿಗೆ ಎಲ್ರಿಗೂ ಹಂಗೇ ತಾನೇ ಕೊಡೋದು?” ಎಂದ ಕುಪ್ಪುಸ್ವಾಮಿ.

ಆಕೆ ಹೋಳುಗಳನ್ನು ಬಿಡಿಸಿ ನೋಡಿದರು. ಒಂದು ಕಲ್ಲು ಕತ್ತಿಯ ಏಟಿಗೆ ಪುಡಿಯಾಗಿತ್ತು. ಇನ್ನೊಂದು ಇರಲೇ ಇಲ್ಲ. ಎಷ್ಟು ದೊಡ್ಡದೆಂದು ಅವನು ಕೇಳಿದಾಗ ಕಿರುಬೆರಳಿನ ಉಗುರು ತೋರಿಸಿದರು.

ಮೀನಿಗೆ ಕಾಯುತ್ತಿದ್ದ ಚಿನ್ನದ ಗಣಿ ಕೆಲಸಗಾರ ಚಿಕ್ಕಮುನಿಯಪ್ಪ ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತ. “ಸರ್ಕೊಳ್ಳಲಾ ಕುಪ್ಪು. ಇಪ್ಪತ್ ವರ್ಷ ಕಲ್ಲಾಗೆ ಮಿಂಚು ಉಡುಕಿದೋನು, ಮೀನಿನ್ ಕಸದಾಗೆ ಉಡುಕಲ್ವಾ?”

“ಸಿಕ್ರೆ ಪಂಚೆ ಮಡಿಕೇಲಿ ಇಟ್ಕೊಂಡು ಹೋಗ್ಬೇಡ. ಗಣಿ ಗೇಟಲ್ಲಿ ತಡಕ್ತಾರೆ,” ಎಂದ ಕುಪ್ಪುಸ್ವಾಮಿ.

ಚಿಕ್ಕಮುನಿಯಪ್ಪ ನಗಲಿಲ್ಲ. ಹುರುಪೆ, ಕಿವಿರು, ರಕ್ತದ ನೀರಿನಲ್ಲೆಲ್ಲ ಬೆರಳಾಡಿಸಿ, ಕೊನೆಗೆ ಕೊಚ್ಚುವ ಕೊರಡಿನ ಬಿರುಕಿನಿಂದ ಬಿಳಿಯ ಚೂರೊಂದನ್ನು ಎಬ್ಬಿಸಿದ. ತೊಳೆದು, ತನ್ನ ಟವೆಲ್ಲಿನ ಅಂಚಿನಲ್ಲಿ ಒರೆಸಿ, ಆಕೆಯ ಅಂಗೈಯಲ್ಲಿಟ್ಟ. “ತಗಳಮ್ಮ, ಮುರಿದಿಲ್ಲ.”

ಮಧ್ಯಾಹ್ನವೆಲ್ಲ ಆಕೆ ಅದನ್ನು ಸಾಣೆಕಲ್ಲಿಗೆ ತೀಡಿ ತೆಳ್ಳಗೆ ಮಾಡಿದರು. ಕಿಟಕಿಯ ಬೆಳಕಿನಲ್ಲಿ ಹಳೆಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಅಂಚಿನತ್ತ ಬಂದಂತೆ ಗೆರೆಗಳು ಒತ್ತೊತ್ತಾಗಿದ್ದವು. ಮೂರು ಸಲ ಎಣಿಸಿದರು.

“ನಲವತ್ತೊಂದು,” ಎಂದರು ಗಟ್ಟಿಯಾಗಿ. ಮನೆಯಲ್ಲಿ ಕೇಳುವವರಿರಲಿಲ್ಲ. ಚಪ್ಪಲಿ ಮೆಟ್ಟಿ ಮತ್ತೆ ಮಾರ್ಕೆಟ್ಟಿಗೆ ಹೊರಟರು.

ಕುಪ್ಪುಸ್ವಾಮಿ ಅಂಗಡಿ ತೊಳೆಯುತ್ತಿದ್ದ. ಮೀನಿನ ವಯಸ್ಸು ಕೇಳಿ ಪೊರಕೆ ನಿಲ್ಲಿಸಿದ. “ನನಗಿಂತ ಮೂರು ವರ್ಷ ಅಣ್ಣ ಅನ್ನಿ. ಅಷ್ಟು ವರ್ಷಾನೂ ಸಮುದ್ರದ ಆ ಕತ್ತಲಲ್ಲಿ ಒಂಟಿಯಾಗೇ ಇತ್ತಾ?”

“ಅದನ್ನ ಕಲ್ಲು ಹೇಳಲ್ಲಪ್ಪ.”

ಅವನು ಸ್ಟೂಲನ್ನು ಒರೆಸಿ ಆಕೆಯ ಕಡೆಗೆ ತಳ್ಳಿದ. ಆಕೆ ಕೂತರು.