ನಾಲ್ಕನೇ ಕ್ಲಾಸಿನ ಎರಡು ವರ್ಷ

ಗಂಡಿನ ಕಡೆಯವರು ಬಂದು ಕೂತಾಗ ಹುಡುಗಿಯ ವಯಸ್ಸನ್ನು ಒಂದು ವರ್ಷ ಇಳಿಸುವುದು, ಓದನ್ನು ಒಂದು ಕ್ಲಾಸು ಏರಿಸುವುದು ಆಲೂರು ಸೀಮೆಯಲ್ಲಿ ಸುಳ್ಳು ಅನ್ನಿಸಿಕೊಳ್ಳುತ್ತಿರಲಿಲ್ಲ. ನೆಂಟರ ಎಲೆಗೆ ಒಂದು ಸೌಟು ಜಾಸ್ತಿ ಬಡಿಸಿದಂತೆ, ಅಷ್ಟೇ. ಹಾಗಾಗಿ ಕಲ್ಯಾಣಮ್ಮನನ್ನು ನೋಡಲು ಬಂದವರ ಮುಂದೆ ಅವಳ ತಾಯಿ ನಂಜಮ್ಮ, "ನಮ್ ಹುಡ್ಗಿ ಏಳ್ನೇ ಕ್ಲಾಸು ಪಾಸು" ಎಂದುಬಿಟ್ಟಿದ್ದಳು. ಕಲ್ಯಾಣಮ್ಮ ಓದಿದ್ದು ಆರರ ತನಕ. ಕಾಫಿ ಲೋಟದ ತಟ್ಟೆ ಹಿಡಿದು ನಿಂತವಳು ತಲೆ ತಗ್ಗಿಸಿದ್ದನ್ನು ನೋಡಿ ಬಂದವರು ನಾಚಿಕೆ ಎಂದುಕೊಂಡರು.

ಇಪ್ಪತ್ತು ವರ್ಷ ಆ ಏಳನೇ ಕ್ಲಾಸು ಅವಳ ಜೊತೆ ಚೆನ್ನಾಗಿಯೇ ಸಂಸಾರ ಮಾಡಿತು. ಮಗಳು ಚೈತ್ರಶ್ರೀ ಹುಟ್ಟಿದ ಮೇಲಂತೂ ಅದಕ್ಕೆ ಕೈಕಾಲು ಬಂತು. ಮಗಳು ಪುಸ್ತಕ ಬದಿಗಿಟ್ಟಾಗೆಲ್ಲ, "ಏಳ್ನೇ ಕ್ಲಾಸ್ ತಂಕ ಒಂದ್ಸಲಾನೂ ಫೇಲಾದೋಳಲ್ಲ ನಾನು. ಸೀಮೆಎಣ್ಣೆ ಬುಡ್ಡಿಲಿ ಓದಿದ್ದು" ಎಂದು ಶುರುಮಾಡುವಳು. ಎಂಟನೇ ಕ್ಲಾಸಿನಲ್ಲಿ ಮಗಳಿಗೆ ಲೆಕ್ಕದಲ್ಲಿ ಮೂವತ್ತೈದು ಬಂದಾಗ ಮೂರು ದಿನ ಮಾತು ಬಿಟ್ಟಿದ್ದಳು.

ಆ ಏಳನೇ ಕ್ಲಾಸನ್ನು ಸರ್ಕಾರ ಕೇಳಿದ್ದು ಎರಡು ಸಾವಿರದ ಮೂರರ ಜೂನ್ ತಿಂಗಳ ಒಂದು ಗುರುವಾರ.

ಹೊಂಗಡಹಳ್ಳದ ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಚೈತ್ರಶ್ರೀ ಸಿಇಟಿ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ದನದ ಡಾಕ್ಟರ್ ಓದಲು ಸಾಕಾಗುವಷ್ಟು ಒಳ್ಳೆಯ ರ‍್ಯಾಂಕೇ ಬಂದಿತ್ತು. ಸೋಮವಾರ ಬೆಂಗಳೂರಿನಲ್ಲಿ ದಾಖಲೆ ತೋರಿಸಬೇಕು. ಅಷ್ಟರಲ್ಲಿ ಹುಡುಗಿ ಒಂದು ಪುಟದ ಮೇಲೆ ಬೆರಳಿಟ್ಟು ಅಲ್ಲೇ ತಡೆದಳು.

"ಅಪ್ಪಾ, ನಾನು ಕರ್ನಾಟಕದೋಳೇ ಅಲ್ವಂತೆ."

"ಹಂಗಂತ ಯಾವನ್ ಬರ‍್ದವ್ನೆ?" ಎಂದ ಮಂಜುನಾಥ. ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳು ಮರ ಹತ್ತಿ ಕೊಂಬೆ ಸವರುವ ಮರಗಸಿ ಕೆಲಸ ಅವನದು. ಆ ಹೊತ್ತಿಗೂ ಅವನ ತಲೆಯಲ್ಲಿ ಸಿಲ್ವರ್ ಮರದ ಎಲೆಗಳಿದ್ದವು. "ಸಕಲೇಶಪುರದ ಆಸ್ಪತ್ರೇಲಿ ಹುಟ್ಟಿದ್ದು ನೀನು. ರೇಷನ್ ಕಾರ್ಡಲ್ಲಿ ಹೆಸರೈತೆ. ಇನ್ನೇನ್ ಬೇಕಂತೆ ಅವರಿಗೆ?"

"ಹುಟ್ಟಿದ್ದು ಕೇಳಲ್ಲಪ್ಪ, ಓದಿದ್ದು ಕೇಳ್ತಾರೆ. ಏಳು ವರ್ಷ ಈ ರಾಜ್ಯದಲ್ಲಿ ಓದಿರ್ಬೇಕು. ನಾನು ಓದಿರೋದು ಎರಡೇ ವರ್ಷ, ಪಿಯುಸಿ."

ಮಂಜುನಾಥ ಕತ್ತಿ ಮಸೆಯುವುದನ್ನು ನಿಲ್ಲಿಸಿದ. ಮರಗಸಿಗೆ ಕೈ ಚೆನ್ನಾಗಿದೆ ಎಂದು ವಯನಾಡಿನ ಎಸ್ಟೇಟಿನವರು ಕರೆದುಕೊಂಡು ಹೋದದ್ದು ಮಗಳಿಗೆ ಐದು ವರ್ಷವಾಗಿದ್ದಾಗ. ಹತ್ತನೇ ಕ್ಲಾಸಿನವರೆಗೆ ಅವಳು ಓದಿದ್ದೆಲ್ಲ ಕೇರಳದಲ್ಲಿ.

"ಹೊರರಾಜ್ಯದೋಳು ಅಂದ್ರೆ ಏನಾಗ್ತದೆ?" ಕಲ್ಯಾಣಮ್ಮ ಒಲೆಯ ಮುಂದಿನಿಂದಲೇ ಕೇಳಿದಳು.

"ಸರ್ಕಾರಿ ಸೀಟು ಸಿಗಲ್ಲ. ಹೊರಗಿನೋರ ಸೀಟೇ ತಗೋಬೇಕು. ಫೀಸು ಬೇರೆ." ಚೈತ್ರಶ್ರೀ ಎರಡೂ ಫೀಸನ್ನು ಓದಿ ಹೇಳಿದಳು. ಮೊದಲನೆಯದನ್ನು ಕೇಳಿದಾಗ ಮಂಜುನಾಥ ತಲೆದೂಗಿದ. ಒಂದು ಸೀಸನ್ ಮರ ಹತ್ತಿದರೆ ಆದೀತು. ಎರಡನೆಯದನ್ನು ಕೇಳಿ, ಆ ಎಸ್ಟೇಟಿನಲ್ಲಿ ಅಷ್ಟು ಮರಗಳೇ ಇಲ್ಲವಲ್ಲ ಎನ್ನುವಂತೆ ಬಾಗಿಲಾಚೆ ನೋಡಿದ.

"ಇರಿ, ಇರಿ" ಎಂದಳು ಹುಡುಗಿ, ಪುಟ ತಿರುವುತ್ತ. "ಇನ್ನೊಂದ್ ದಾರಿ ಐತೆ. ಪಿಯುಸಿ ಎರಡೂ ವರ್ಷ ಇಲ್ಲೇ ಓದಿದ್ದು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ರು ಈ ರಾಜ್ಯದಲ್ಲಿ ಏಳು ವರ್ಷ ಓದಿದ್ರೆ ಸಾಕಂತೆ! ನೀವಿಬ್ರೂ ಏಳ್ನೇ ಕ್ಲಾಸು. ಆಯ್ತಲ್ಲ! ಯಾರ್ದಾದ್ರೂ ಸರ್ಟಿಫಿಕೇಟ್ ತಂದ್ರಾಯ್ತು."

ಕಲ್ಯಾಣಮ್ಮ ಕುದಿಯುತ್ತಿದ್ದ ಸಾರಿಗೆ ಸೌಟು ಹಾಕಿ ತಿರುವತೊಡಗಿದಳು.

ಮಂಜುನಾಥ ಕೆಮ್ಮಿದ. "ಅದೇನಂದ್ರೆ ಮಗಾ... ನಂದು ನಾಲ್ಕ್ನೇ ಕ್ಲಾಸು."

"ಏನಂದ್ರಿ?" ಕಲ್ಯಾಣಮ್ಮ ಸೌಟು ಹಿಡಿದುಕೊಂಡೇ ಹೊರಬಂದಳು. "ನೋಡೋಕ್ ಬಂದಾಗ ಏಳು ಅಂದಿದ್ರಿ!"

"ನಾನೆಲ್ಲಂದೆ ಮಾರಾಯ್ತಿ, ನಮ್ ಚಿಕ್ಕಪ್ಪ ಅಂದ. ಹುಡ್ಗಿ ಏಳು ಓದವ್ಳೆ, ಹುಡ್ಗ ನಾಲ್ಕು ಅಂದ್ರೆ ಯಾರ್ ಕೊಡ್ತಾರೆ ಅಂತ ಏರಿಸ್ಬುಟ್ಟ." ಅವನು ನಕ್ಕು ಹೆಂಡತಿಯ ಕಡೆ ಕೈ ತೋರಿಸಿದ. "ಅದಕ್ಕೇನೀಗ? ನಿಮ್ಮವ್ವ ಅವ್ಳಲ್ಲ! ಒಂದ್ಸಲಾನೂ ಫೇಲಾಗ್ದೆ ಏಳು ಮುಗಿಸಿದೋಳು. ನಾಳೆನೇ ಹೋಗಿ ತರ್ತಾಳೆ ಬುಡು."

ಆಗಲೇ ಹೇಳಿಬಿಡಬಹುದಿತ್ತು. ಗಂಡ ತನ್ನ ಸುಳ್ಳನ್ನು ಬಿಚ್ಚಿಟ್ಟಿದ್ದ, ಬಾಗಿಲು ತೆರೆದೇ ಇತ್ತು. ಆದರೆ ಮಗಳು ತನ್ನತ್ತ ನೋಡುತ್ತಿದ್ದ ರೀತಿಗೆ ಕಲ್ಯಾಣಮ್ಮನ ನಾಲಿಗೆ ಏಳಲಿಲ್ಲ. "ಹೂಂ, ತರ್ತೀನಿ" ಎಂದು ಒಲೆಯ ಕಡೆ ಹೋದಳು. ಅವತ್ತಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಬೆಳಿಗ್ಗೆ ಎಸ್ಟೇಟಿನ ಕಾಫಿ ಸಸಿಗಳ ನರ್ಸರಿ ಕೆಲಸಕ್ಕೆ ರಜೆ ಹೇಳಿ, ಹೊಂಗಡಹಳ್ಳದ ಮೊದಲ ಬಸ್ಸು ಹಿಡಿದು ಸಕಲೇಶಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಆಲೂರಿಗೆ ಇಳಿದಳು. ತಮ್ಮ ಗಿಡ್ಡಯ್ಯ ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿಕೊಂಡು ಕಡಲೆಕಾಯಿ ತಿನ್ನುತ್ತಿದ್ದ. ಹೆಸರು ಗಿಡ್ಡಯ್ಯ, ಆಳು ಆರಡಿ. ಆಟೋದಲ್ಲಿ ಅವನು ಕೂತರೆ ಮಂಡಿ ಹ್ಯಾಂಡಲ್‌ಗೆ ತಾಗುತ್ತಿತ್ತು.

"ಏನಕ್ಕಾ, ಹೇಳ್ದೆ ಕೇಳ್ದೆ? ಭಾವ ಓಡಿಸ್ಬುಟ್ರಾ?"

"ಬಾಯ್ ಮುಚ್ಕಂಡ್ ಊರಿನ್ ಇಸ್ಕೂಲಿಗೆ ನಡಿಯೋ."

ತವರೂರು ನಾಲ್ಕು ಮೈಲಿ. ಎರಡನೇ ಮೈಲಿಗೆ ಅವಳು ಎಲ್ಲ ಹೇಳಿಕೊಂಡಳು. ಗಿಡ್ಡಯ್ಯನಿಗೆ ಇದು ಸಮಸ್ಯೆ ಎಂದೇ ಅನ್ನಿಸಲಿಲ್ಲ.

"ಆರು ಇದ್ದದ್ದ ಏಳು ಅಂತ ಬರ‍್ಸೋದಪ್ಪ. ಮೂವತ್ತು ವರ್ಷದ ಹಿಂದಿಂದು ಯಾರ್ ನೋಡ್ತಾರೆ? ಅವ್ವ ಬಾಯಲ್ಲಿ ಬರ‍್ದಿದ್ಲು, ಈಗ ಮೇಡಂ ಪೆನ್ನಲ್ಲಿ ಬರೀತಾರೆ."

"ಆಯಮ್ಮ ಬರೀತಾಳಾ?"

"ಒಂದ್ ಗೊನೆ ಬಾಳೆಹಣ್ಣು ತಗೊಳ್ಳೋಣ."

ಬಾಳೆಗೊನೆ ನೋಡಿ ಹೆಡ್ ಮೇಡಂ ಗಂಗಾಮಣಿ, ಮಕ್ಕಳಿಗೆ ಹಂಚಿ ಎಂದು ಅಡುಗೆಯವಳ ಕೈಗೆ ಕೊಟ್ಟರು. ಆಮೇಲೆ ವಿಷಯ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲದ್ದನ್ನ ಬರೆಯೋಕೆ ಆಗಲ್ಲಮ್ಮ. ಇರೋದನ್ನ ಹುಡುಕಿ ಬರ್ಕೊಡ್ತೀನಿ."

ಕಲ್ಯಾಣಮ್ಮನಿಗೆ ಅಲ್ಲೇ ಎದ್ದು ಹೋಗೋಣ ಅನ್ನಿಸಿತು. ಇರುವುದು ಏನೆಂದು ಅವಳಿಗೆ ಗೊತ್ತಿಲ್ಲವೇ? ಅಷ್ಟರಲ್ಲಿ ಮೇಡಂ ತಗಡಿನ ಟ್ರಂಕು ಎಳೆಸಿ, ಇಲಿ ಅಂಚು ತಿಂದಿದ್ದ ಒಂದು ಉದ್ದನೆಯ ಪುಸ್ತಕ ತೆಗೆದಿದ್ದರು. ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು.

"ಕಲ್ಯಾಣಮ್ಮ, ತಾಯಿ ನಂಜಮ್ಮ. ಸೇರಿದ್ದು ಅರವತ್ತೊಂಬತ್ತು ಜೂನ್, ಒಂದನೇ ಕ್ಲಾಸು. ಬಿಟ್ಟಿದ್ದು ಎಪ್ಪತ್ತಾರು ಏಪ್ರಿಲ್, ಆರನೇ ಕ್ಲಾಸು." ಮೇಡಂ ಬೆರಳು ಮಡಿಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಏಳು ವರ್ಷ ಆಯ್ತಲ್ರೀ."

"ಇಲ್ಲ ಮೇಡಂ, ಆರೇ."

"ಏಳು ಕಣಮ್ಮ."

"ಆರು ಮೇಡಂ. ಓದಿದೋಳು ನಾನು, ನಂಗೊತ್ತಿಲ್ವಾ?"

"ಅಕ್ಕಾ!" ಗಿಡ್ಡಯ್ಯ ಹಲ್ಲು ಕಚ್ಚಿ ಪಿಸುಗುಟ್ಟಿದ. "ಕೊಡೋಕ್ ಬಂದೋರ್ ಕೈ ಯಾಕ್ ಹಿಡೀತೀಯೆ?"

ಮೇಡಂ ಇನ್ನೊಂದು ಪುಸ್ತಕ ತೆಗೆದು ಪುಟ ತಿರುವಿದರು. ಅವರ ಬೆರಳು ಒಂದು ಕಡೆ ನಿಂತಿತು. ತಲೆ ಎತ್ತಿ ಕಲ್ಯಾಣಮ್ಮನ ಮುಖ ನೋಡಿದರು. ಆಗ ಅವಳಿಗೆ ನೆನಪಾಯಿತು. ನೆನಪಾಯಿತು ಅಂದರೆ ಮರೆತಿದ್ದಳು ಅಂತಲ್ಲ. ಆ ವರ್ಷವನ್ನು ಅವಳು ಲೆಕ್ಕದಿಂದಲೇ ತೆಗೆದುಹಾಕಿದ್ದಳು.

ಅದು ಗಿಡ್ಡಯ್ಯ ಹುಟ್ಟಿದ ವರ್ಷ. ಕಾಫಿ ಹಣ್ಣಿನ ಕುಯ್ಲಿಗೆ ನಂಜಮ್ಮ ಎಸ್ಟೇಟಿಗೆ ಹೊರಟಾಗ ಕೂಸನ್ನು ನೋಡಿಕೊಳ್ಳಲು ನಾಲ್ಕನೇ ಕ್ಲಾಸಿನ ಕಲ್ಯಾಣಿ ಬೇಕಾದಳು. ನೆರಳು ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಮೂರು ತಿಂಗಳು ತೂಗಿದಳು. ಇವನೋ ಮಲಗುವ ಜಾತಿಯವನೇ ಅಲ್ಲ, ಜೋಲಿ ನಿಂತ ಕೂಡಲೇ ಬಾಯಿ ತೆರೆಯುತ್ತಿದ್ದ. ಶಾಲೆಗೆ ವಾಪಸು ಹೋದಾಗ ಮೇಷ್ಟ್ರು ಹಾಜರಿ ಪುಸ್ತಕ ನೋಡಿ, "ಇನ್ನೊಂದ್ ವರ್ಷ ಇಲ್ಲೇ ಕೂತ್ಕೊ" ಎಂದಿದ್ದರು. ಗೆಳತಿಯರೆಲ್ಲ ಪಕ್ಕದ ಕೋಣೆಗೆ ಹೋದರು. ಅವಳು ತನಗಿಂತ ಚಿಕ್ಕವರ ಜೊತೆ ಅದೇ ಮಣೆಯ ಮೇಲೆ ಕೂತಳು.

"ನಾಲ್ಕನೇ ಕ್ಲಾಸು ಎರಡು ವರ್ಷ" ಎಂದರು ಮೇಡಂ ಮೆಲ್ಲಗೆ.

ಗಿಡ್ಡಯ್ಯ ಅಕ್ಕನ ಮುಖ ನೋಡಿದ, ಪುಸ್ತಕ ನೋಡಿದ. "ಫೇಲಾಗಿದ್ಯಾ ಅಕ್ಕಾ ನೀನು? ಯಾವಾಗ?"

"ನಿನ್ ಜೋಲಿ ತೂಗ್ತಾ ಇದ್ದಾಗ ಕಣೋ, ಮೂದೇವಿ! ಒಂದ್ ಗಳಿಗೆ ಮಲಗಿದ್ರೆ ಪಾಸಾಗ್ತಿದ್ದೆ ನಾನು!"

ಅವನು ಒಂದು ಕ್ಷಣ ಯೋಚಿಸಿದ. ಆಮೇಲೆ ಮುಖ ಅರಳಿಸಿ ಎದೆ ತಟ್ಟಿಕೊಂಡ. "ಹಂಗಾದ್ರೆ ಮಗಿಗೆ ಸೀಟು ಕೊಡ್ಸಿದ್ದು ನಾನೇ ಅಂದಂಗಾಯ್ತು! ಅತ್ತೂ ಅತ್ತೂ ಏಳು ಮಾಡ್ದೋನು ನಾನು."

ಮೇಡಂಗೂ ನಗು ತಡೆಯಲಾಗಲಿಲ್ಲ. ಕಾಗದ ತೆಗೆದುಕೊಂಡು, "ಅರವತ್ತೊಂಬತ್ತರಿಂದ ಎಪ್ಪತ್ತಾರು ಅಂತಷ್ಟೇ ಬರೀಲಾ? ಫೇಲು ಗೀಲು ಬೇಡ" ಎಂದರು. ಕಲ್ಯಾಣಮ್ಮ ಅವರಿಗೆ ಅಲ್ಲೇ ಕೈ ಮುಗಿದಳು.

ಆದರೆ ಆಲೂರಿನಲ್ಲಿ ಶಿಕ್ಷಣಾಧಿಕಾರಿ ಬಿಇಒ ಸಾಹೇಬರ ಸಹಿ ಆಗಬೇಕಿತ್ತು. ಅಲ್ಲಿನ ಗುಮಾಸ್ತರು ಕಾಗದವನ್ನು ಎರಡು ಸಲ ಓದಿ, "ವರ್ಷ ಏಳು, ಕ್ಲಾಸು ಆರು. ಇದೆಂಗೆ ತಾಳೆ ಆಗ್ತದೆ?" ಎಂದರು.

ಕಲ್ಯಾಣಮ್ಮ ಅಕ್ಕಪಕ್ಕ ನೋಡಿದಳು. ಬೆಂಚಿನ ಮೇಲೆ ನಾಲ್ಕೈದು ಜನ ಮೇಷ್ಟ್ರುಗಳೇ ಕೂತಿದ್ದರು. "ಒಂದ್ ವರ್ಷ... ಹಂಗೇ ಕೂತಿದ್ದೆ ಸಾರ್" ಎಂದಳು.

"ಎಲ್ಲಿ ಕೂತಿದ್ರಿ?"

"ನಾಲ್ಕ್ನೇ ಕ್ಲಾಸಲ್ಲೇ."

ಗುಮಾಸ್ತರು ಒಳಗೆ ಹೋದರು. ಬಾಗಿಲ ಪರದೆಯಾಚೆ ಅವರ ಮಾತು ಕೇಳುತ್ತಿತ್ತು: "ಫೇಲಾದ ವರ್ಷ ಲೆಕ್ಕಕ್ಕೆ ಬರ್ತದಾ ಸಾರ್?" ಪುಟ ತಿರುವಿದ ಸದ್ದು. ಆಮೇಲೆ ಸಾಹೇಬರ ದನಿ: "ಏಳು ವರ್ಷ ಓದಿರಬೇಕು ಅಂತ ಐತೆ ಕಣ್ರೀ. ಫೇಲಾದೋರು ಓದಲ್ವೇನ್ರಿ? ಎರಡೆರಡು ಸಲ ಓದ್ತಾರೆ. ಆದ್ರೆ ವರ್ಷ ವರ್ಷದ್ದೂ ಬಿಡಿಸಿ ಬರ‍್ಸಿ. ಫೇಲು ಅಂತಾನೂ ಕಾಣ್ಬೇಕು. ಇಲ್ದಿದ್ರೆ ಬೆಂಗಳೂರಲ್ಲಿ ನೂರು ಪ್ರಶ್ನೆ ಕೇಳ್ತಾರೆ."

ಆಟೋ ಮತ್ತೆ ನಾಲ್ಕು ಮೈಲಿ ಹೋಗಿ ಮತ್ತೆ ನಾಲ್ಕು ಮೈಲಿ ಬಂತು. ಸಂಜೆ ಐದಕ್ಕೆ ಕಲ್ಯಾಣಮ್ಮನ ಕೈಯಲ್ಲಿ ದುಂಡು ಸೀಲಿನ ಕಾಗದವಿತ್ತು. ಏಳು ಸಾಲು. ನಾಲ್ಕನೆಯ ಸಾಲಿನ ಕೊನೆಗೆ ಮುತ್ತಿನಂಥ ಅಕ್ಷರದಲ್ಲಿ 'ಅನುತ್ತೀರ್ಣ'. ದಾರಿಯುದ್ದಕ್ಕೂ ಅವಳು ಅದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಮಡಿಕೆ ಆ ಪದದ ಮೇಲೇ ಬೀಳಲಿ ಎಂದು ನೋಡಿದಳು. ಮೇಡಂ ಅಕ್ಷರ ಅಷ್ಟಕ್ಕೆಲ್ಲ ಅಳಿಸುವಂಥದಲ್ಲ.

ಮನೆಗೆ ಬಂದು ಕಾಗದವನ್ನು ಮಗಳ ಕೈಗಿಟ್ಟು, ಬಚ್ಚಲ ಕಡೆ ಹೊರಟಳು.

"ಅವ್ವಾ, ನಿಲ್ಲು."

ನಿಂತಳು.

"ಏಳ್ನೇ ಕ್ಲಾಸೇ ಇಲ್ವಲ್ಲ ಇದ್ರಲ್ಲಿ?"

"ಇಲ್ಲ."

"ನಾಲ್ಕ್ನೇ ಕ್ಲಾಸು ಎರಡು ಸಲ ಐತೆ."

"ಐತೆ."

"ಲೆಕ್ಕದಲ್ಲಿ ಮೂವತ್ತೈದು ಬಂದಾಗ ನನ್ ಜೊತೆ ಮೂರು ದಿನ ಮಾತಾಡಿರ್ಲಿಲ್ಲ ನೀನು."

"ಮೂವತ್ತೈದು ಅಂದ್ರೆ ಪಾಸಲ್ವಾ? ಅದಕ್ಕೇ ಹೊಟ್ಟೆಕಿಚ್ಚು ಬಂತು" ಎಂದುಬಿಟ್ಟಳು ಕಲ್ಯಾಣಮ್ಮ. ಮಾತು ಎಲ್ಲಿಂದ ಬಂತೋ. ಮಂಜುನಾಥ ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ನಾನು ನಾಲ್ಕು, ನೀನು ನಾಲ್ಕು ಎರಡು ಸಲ! ನಮ್ಮಿಬ್ರದೂ ಸೇರ್ಸಿದ್ರೆ ಬಿ.ಎ. ಆಗ್ತದೆ ಕಣೇ!"

ಚೈತ್ರಶ್ರೀ ನಗಲಿಲ್ಲ. ಕಾಗದವನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, "ಯಾಕೆ ಫೇಲಾದೆ?" ಎಂದು ಕೇಳಿದಳು. ಕಲ್ಯಾಣಮ್ಮ ಜೋಲಿಯ ಕಥೆ ಹೇಳಿದಳು. ಮಗಳು ಕೇಳುತ್ತ ಕೇಳುತ್ತ ತಾಯಿಯ ಕೈ ಹಿಡಿದುಕೊಂಡಳು. ನರ್ಸರಿಯ ಕೆಮ್ಮಣ್ಣು ಉಗುರಿನಲ್ಲಿ ಇನ್ನೂ ಹಾಗೇ ಇತ್ತು.

ಸೋಮವಾರ ಬೆಂಗಳೂರಿಗೆ ತಾಯಿ ಮಗಳ ಜೊತೆ ಗಿಡ್ಡಯ್ಯನೂ ಹೋದ. ಬೇಡವೆಂದರೂ ಕೇಳಿರಲಿಲ್ಲ. ಸೀಟು ಕೊಡಿಸಿದವನು ತಾನಲ್ಲವೇ? ದೊಡ್ಡ ಹಾಲಿನ ತುಂಬ ಮೇಜುಗಳು, ಮೇಜಿಗೊಂದು ಸಾಲು. ಇವರ ಸರದಿ ಬಂದಾಗ ಕನ್ನಡಕದ ಅಧಿಕಾರಿಯೊಬ್ಬರು ಕೇರಳದ ಅಂಕಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. ಪಿಯುಸಿ ನೋಡಿದರು. ಕೊನೆಗೆ ಆಲೂರಿನ ಕಾಗದ ತೆಗೆದರು.

ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಮುಟ್ಟುತ್ತ ಎಣಿಸಿದರು. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ಪೆನ್ನು ನಿಂತಿತು. ಕಲ್ಯಾಣಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು. ಪೆನ್ನು ಮುಂದೆ ಸರಿಯಿತು. ಐದು, ಆರು, ಏಳು.

ಅವರು ಸೀಲು ಕೈಗೆತ್ತಿಕೊಂಡು, ತಲೆ ಎತ್ತದೆಯೇ ಕೇಳಿದರು: "ಕಲ್ಯಾಣಮ್ಮ ಅಂದ್ರೆ ಯಾರು?"

ಹಾಲಿನ ಅರ್ಧ ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಕೈ ಮೇಲೆತ್ತಿ ಅವಳು ಹೇಳಿದಳು:

"ಹಾಜರ್ ಸಾರ್!"