ನೇರಳೆ ಉಂಗುರ

ಜೈನಾಬಿ ಬಿಸಿನೀರಿನ ತಂಬಿಗೆಯನ್ನು ಯಾರ ಕೈಗೂ ಕೊಡಲಿಲ್ಲ. ಹುಣಸೂರಿನ ಆ ಮನೆಯ ಹಿತ್ತಲಲ್ಲಿ ಸೀರೆಗಳನ್ನು ಮರೆಯಾಗಿ ಕಟ್ಟಿ, ಹಲಗೆಯ ಮೇಲೆ ಅವಳ ತಾಯಿ ಮುನ್ನೀಬಿಯನ್ನು ಮಲಗಿಸಿದ್ದರು. ಎದೆನೋವು ಎಂದು ಕೂತವಳು ಮತ್ತೆ ಎದ್ದಿರಲಿಲ್ಲ. ನಿನಗೆ ಸಕ್ಕರೆ ಕಾಯಿಲೆ, ಉಳಿದವರು ಸ್ನಾನ ಮಾಡಿಸುತ್ತಾರೆ, ಸ್ವಲ್ಪ ಕೂತುಕೋ ಎಂದು ಸೋದರತ್ತೆ ಖತೀಜಾಬಿ ಹೇಳಿ ನೋಡಿದಳು. ಜೈನಾಬಿ ಕೇಳಲಿಲ್ಲ. ತಾಯಿಯ ಬಲಗೈಯಿಂದ ಶುರುಮಾಡಿ ನೀರು ಹಾಕತೊಡಗಿದಳು. ಗಂಡನ ಕಲಾಯಿ ಕುಲುಮೆಗೆ ತಿದಿ ಒತ್ತಿ ಒತ್ತಿ ಗಡುಸಾಗಿದ್ದ ಕೈ ಅದು.

ಬಿಳಿ ಕಫನ್ ಬಟ್ಟೆ ಹೊದಿಸಿ ನಡುಮನೆಗೆ ತಂದ ಮೇಲೆ ಹನಗೋಡಿನ ತಿಮ್ಮಮ್ಮ ಬಂದಳು. ಅವಳ ಮನೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕುತ್ತಿದ್ದವನು ಮುನ್ನೀಬಿಯ ಗಂಡ ಗಯಾಸುದ್ದೀನ್. ತಿಮ್ಮಮ್ಮ ಕಣ್ಣೊರೆಸಿಕೊಂಡು ಖತೀಜಾಬಿಯ ಪಕ್ಕ ಕೂತಳು. ಜೈನಾಬಿಯನ್ನೇ ಎಷ್ಟೋ ಹೊತ್ತು ನೋಡಿದಳು.

“ಈ ಮಗು ಉಳಿಯಾಕಿಲ್ಲ ಅಂದಿದ್ರು ಕಣ್ರೀ ಎಲ್ರೂವೆ. ಈಗ ತಾಯಿ ಮಣ್ಣಿಗೆ ಅದೇ ನಿಂತದೆ.”

“ಉಳಿಸ್ಕೊಂಡಿದ್ದು ಇವ್ಳೇ ಕಣಮ್ಮ,” ಎಂದು ಖತೀಜಾಬಿ ಬಿಳಿಬಟ್ಟೆಯತ್ತ ಕೈ ತೋರಿಸಿದಳು. “ನಾನು ಅಡ್ಡ ನಿಂತ್ರೂ ಬುಡಲಿಲ್ಲ.”

*

ಎರಡನೇ ಮಹಾಯುದ್ಧ ಶುರುವಾಗುವುದಕ್ಕೂ ಮೊದಲಿನ ಮಾತು. ಜೈನಾಬಿ ಆಗ ಲಂಗದ ಹುಡುಗಿ. ದಿನವೂ ಇನ್ಸುಲಿನ್ ಸೂಜಿ ಬೇಕಿತ್ತು. ಆಸ್ಪತ್ರೆಯ ಡಾಕ್ಟರು ಮುನ್ನೀಬಿಯನ್ನು ಕೂರಿಸಿಕೊಂಡು ಎಲ್ಲ ಕಲಿಸಿದ್ದರು. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟು ಸಕ್ಕರೆ ಇದ್ದರೂ ಮೈಗೆ ದಕ್ಕುವುದಿಲ್ಲ. ಆಗ ಮೈ ತನ್ನ ಕೊಬ್ಬನ್ನೇ ಸುಡುತ್ತದೆ. ಅದರಿಂದ ಹುಟ್ಟುವ ಹುಳಿ ರಕ್ತಕ್ಕೆ ಸೇರಿ ಮೂತ್ರದಲ್ಲಿ ಇಳಿಯುತ್ತದೆ, ಅದಕ್ಕೆ ಕೀಟೋನ್ ಎನ್ನುತ್ತಾರೆ ಎಂದಿದ್ದರು. ಗಾಜಿನ ನಳಿಗೆಯಲ್ಲಿ ಮೂತ್ರ ತೆಗೆದುಕೊಂಡು, ಅವರು ಕೊಟ್ಟ ಹರಳು ಕರಗಿಸಿ, ಮೇಲೆ ಮೆಲ್ಲಗೆ ಅಮೋನಿಯಾ ಬಿಡಬೇಕು. ಹುಳಿ ಹೆಚ್ಚಿದ್ದರೆ ನೇರಳೆ ಬಣ್ಣದ ಉಂಗುರ ಏಳುತ್ತದೆ. ಕಲಾಯಿಯ ನವಸಾಗರದ ಘಾಟಿನಲ್ಲೇ ಬದುಕಿದ್ದ ಮುನ್ನೀಬಿಗೆ ಅಮೋನಿಯಾದ ವಾಸನೆ ಹೊಸದಾಗಿರಲಿಲ್ಲ.

ಒಂದು ಬೆಳಿಗ್ಗೆ ಹುಡುಗಿಗೆ ಜ್ವರ ಬಂತು, ವಾಂತಿ ಹಿಡಿಯಿತು. ಒಂದು ತುತ್ತೂ ಒಳಗೆ ನಿಲ್ಲಲಿಲ್ಲ. ಗಯಾಸುದ್ದೀನ್ ಕೋಟೆ ಕಡೆಯ ಊರುಗಳಿಗೆ ಕೆಲಸಕ್ಕೆ ಹೋಗಿದ್ದ. ಡಾಕ್ಟರು ಆ ದಿನ ಪಿರಿಯಾಪಟ್ಟಣದ ದವಾಖಾನೆಯಲ್ಲಿದ್ದರು. ಖತೀಜಾಬಿ ಸೂಜಿಯ ಡಬ್ಬಿಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. ಹೊಟ್ಟೆಗಿಲ್ಲದೆ ಸೂಜಿ ಹಾಕಿದರೆ ಪ್ರಾಣಕ್ಕೇ ಅಪಾಯವೆಂದು ಡಾಕ್ಟರೇ ಹೇಳಿದ್ದರಲ್ಲ ಎಂದಳು. ಅದು ಸುಳ್ಳಲ್ಲ, ಮುನ್ನೀಬಿಯೂ ಆ ಮಾತು ಕೇಳಿಸಿಕೊಂಡಿದ್ದಳು. ಆದರೆ ಮಗಳ ಉಸಿರು ಕೊಳೆತ ಹಣ್ಣಿನಂತೆ ನಾರುತ್ತಿತ್ತು, ಎದೆ ಜೋರಾಗಿ ಏರಿಳಿಯುತ್ತಿತ್ತು.

ಅವಳು ವಾದ ಮಾಡದೆ ನಳಿಗೆ ತೆಗೆದಳು. ಉಂಗುರ ಕಪ್ಪಿಟ್ಟ ನೇರಳೆಯಾಗಿ ಎದ್ದಿತು. ಅದನ್ನು ಗಂಡನ ಅಕ್ಕನ ಮುಖದೆದುರು ಹಿಡಿದಳು.

“ಊಟ ಬುಟ್ಟವ್ಳೆ, ಉರಿ ಬುಟ್ಟಿಲ್ಲ ಆಪಾ. ಮೈಯನ್ನೇ ಸುಡ್ತಾ ಅದೆ. ಡಬ್ಬಿ ಕೊಡಿ.”

ಖತೀಜಾಬಿ ಕೊಟ್ಟಳು. ಮುನ್ನೀಬಿ ಸೂಜಿ ಹಾಕಿ, ಹೊಟ್ಟೆಗಿಲ್ಲದ ಮೈಯಲ್ಲಿ ಸಕ್ಕರೆ ತೀರಾ ಇಳಿಯದಿರಲೆಂದು ಸಕ್ಕರೆ ಉಪ್ಪು ಬೆರೆಸಿದ ನೀರು ತುಂಬಿಕೊಂಡು ಜಟಕಾ ಹತ್ತಿದಳು. ಪಿರಿಯಾಪಟ್ಟಣದವರೆಗೂ ಮಗಳ ತುಟಿಗೆ ಚಮಚದಲ್ಲಿ ಹನಿಸುತ್ತಲೇ ಇದ್ದಳು. ವಾಂತಿಯಾದರೆ ಒರೆಸಿ ಮತ್ತೆ ಹನಿಸಿದಳು. ದವಾಖಾನೆಯಲ್ಲಿ ಹುಡುಗಿಯ ಮಂಪರು ಕಳೆದ ಮೇಲೆ ಡಾಕ್ಟರು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: “ಈ ಸೂಜಿ ಬಿದ್ದಿರದಿದ್ದರೆ ನನ್ನ ಹತ್ತಿರ ಹೆಣ ಬರುತ್ತಿತ್ತು.”

*

ಮಧ್ಯಾಹ್ನದ ನಮಾಜಿಗೆ ಮುಂಚೆ ಗಂಡಸರು ಶವದ ಡೋಲಿಗೆ ಹೆಗಲು ಕೊಡಲು ಬಂದರು. ಬಾಗಿಲಲ್ಲಿ ಯಾರೋ ಹೊಸಬರು, ತೀರಿಕೊಂಡದ್ದು ಕಲಾಯಿ ಸಾಬರ ಹೆಂಡತಿಯೇ ಎಂದು ಕೇಳಿದರು. ಗಯಾಸುದ್ದೀನ್ ತಲೆ ಎತ್ತಿದ.

“ಜೈನಾಬಿ ತಾಯಿ ಅನ್ನಿ,” ಎಂದ.

ಮಣ್ಣು ಮುಗಿಸಿ ಅವರು ಹಿಂತಿರುಗುವ ಹೊತ್ತಿಗೆ ಪಕ್ಕದ ಮನೆಯವರು ಅಡುಗೆ ಕಳಿಸಿದ್ದರು. ಒಳಗೆ ಹೆಂಗಸರ ನಡುವೆ ಜೈನಾಬಿ ತನಗೆ ತಾನೇ ಸೂಜಿ ಹಾಕಿಕೊಂಡು ಚಾಪೆಯ ಮೇಲೆ ಕೂತಳು. ಗಯಾಸುದ್ದೀನ್ ಗೋರಿಯ ಮಣ್ಣಿನ ಕೈ ತೊಳೆದು ಬಂದು ತಾನೇ ಅವಳ ತಟ್ಟೆಗೆ ಬಡಿಸಿದ. ಬೆಳಿಗ್ಗೆಯಿಂದ ಹಸಿದಿದ್ದ ಮನೆತುಂಬ ಜನ, ಸೂಜಿ ಹಾಕಿಕೊಂಡವಳು ಮೊದಲು ಉಣ್ಣಲೆಂದು ತಮ್ಮ ಮುಂದಿನ ತಟ್ಟೆಗಳನ್ನು ಮುಟ್ಟದೆ ಕಾದರು. ಅವಳು ರೊಟ್ಟಿ ಮುರಿದು ಮೊದಲ ತುತ್ತನ್ನು ಬಾಯಿಗಿಟ್ಟುಕೊಂಡಳು.