ಹಾಕು ಅಂದದ್ದು ಏನನ್ನು

ಎಲ್ಲ ಮುಗಿದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ ಅದು. ನೆಂಟರು ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಒಂದು ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸೊಸೆ ಎರಡನ್ನೂ ಕಾಯಿಸಿದಳು. ಅತ್ತೆ ಲೋಟ ಹಿಡಿದು, ಬೀಗ ಹಾಕಿದ ಕೋಣೆಯತ್ತ ಮುಖ ತಿರುಗಿಸದೆಯೇ ಹೇಳಿದರು:

“ಆ ಪೀಡೇನ ಇವತ್ತು ಗುಜರಿಗೆ ಹಾಕ್ಬಿಡು.”

ಹಾಕ್ಬಿಡು. ಆ ಮಾತು ಕಿವಿಗೆ ಬಿದ್ದದ್ದೇ ಸೊಸೆ ತನ್ನ ಲೋಟವನ್ನು ಕೆಳಗಿಟ್ಟಳು.

“ಇವತ್ತೊಂದಿನ ಇರಲಿ ಅತ್ತೆ.”

“ಇರಲಿ ಇರಲಿ ಅಂತಾನೇ ಇಪ್ಪತ್ತೈದು ವರ್ಷ ಅಟ್ಟದ ಮೇಲಿತ್ತು. ಅಲ್ಲಿದ್ದಾಗ ಯಾರ ತಂಟೆಗೂ ಬಂದಿರ್ಲಿಲ್ಲ.”

ಪೀಡೆ ಎಂದರೆ ಒಂದು ಹಳೆಯ ಕಂಪ್ಯೂಟರ್. ಕೀಬೋರ್ಡಿನ ಹೊಟ್ಟೆಯಲ್ಲೇ ಎಲ್ಲವೂ ಅಡಗಿದ್ದು, ಟಿವಿಗೆ ಜೋಡಿಸುವ ಬಗೆಯದು. ಗಂಡನ ಬಾಲ್ಯದಲ್ಲಿ ಮಾವ ತಂದದ್ದು. ಹೋದ ತಿಂಗಳು ಅವನು ಅದನ್ನು ಅಟ್ಟದಿಂದ ಇಳಿಸಿದ. ಜೋಡಿಸಿ ನೋಡಿದರೆ ಜಪ್ಪಯ್ಯ ಅಂದರೂ ಜೀವ ಬರಲಿಲ್ಲ. ಸಂಜೆ ಕೆಲಸದಿಂದ ಬಂದವನು ಷರಟೂ ಬದಲಿಸದೆ ಅದರ ಮುಂದೆ ಕೂರುತ್ತಿದ್ದ. ಕೊನೆಗೆ ಅದಕ್ಕೆ ಕರೆಂಟು ಕೊಡುವ ಡಬ್ಬಿಯ ಮುಚ್ಚಳ ಬಿಚ್ಚಿ, ಉಬ್ಬಿದ ಕೆಪಾಸಿಟರುಗಳನ್ನು ತೋರಿಸಿ, “ನೋಡೇ, ಇದಕ್ಕೂ ಹೊಟ್ಟೆಯುಬ್ಬರ” ಎಂದು ನಕ್ಕಿದ್ದ.

ಸ್ವಿಚ್ಚು ಕೋಣೆಯ ಹೊರಗೆ, ಬಾಗಿಲ ಪಕ್ಕದಲ್ಲೇ. ಅವನು ಒಳಗಿನಿಂದ “ಹಾಕು” ಅಂದರೆ ಒತ್ತುವುದು, “ತೆಗಿ” ಅಂದರೆ ಆರಿಸುವುದು. ಇದು ಅವರಿಬ್ಬರ ರೂಢಿ. ಆ ಸಂಜೆ ಅತ್ತೆಯ ಟಿವಿ ಮನೆ ಹಾರಿಹೋಗುವಂತೆ ಕಿರುಚುತ್ತಿತ್ತು. ಅವನು ತಲೆಯೆತ್ತದೆ “ಹಾಕು” ಅಂದ. ಅವಳು ಒತ್ತಿದಳು. ಐದು ಎಣಿಸುವಷ್ಟರಲ್ಲಿ ಅವನು ಮೇಜಿನ ಮೇಲೆ ಕವುಚಿ ಬಿದ್ದಿದ್ದ.

ಮೊದಲು ಸ್ವಿಚ್ ಆರಿಸಿದಳು. ಕೂಗಿದ್ದು ಆಮೇಲೆ.

ಹೃದಯ ನಿಂತಿದೆ ಎಂದರು ಡಾಕ್ಟರು. ಸ್ವಿಚ್ಚಿನ ವಿಷಯ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆಸ್ಪತ್ರೆಯಿಂದ ಬಂದವಳೇ ಕೋಣೆಗೆ ಬೀಗ ಜಡಿದಳು. ಆ ರಾತ್ರಿಯೇ ತಲೆಗೆ ಹೊಕ್ಕದ್ದು: ಟಿವಿ ಗದ್ದಲಕ್ಕೆ ಅವನು ಬಾಗಿಲು ಹಾಕು ಅಂದಿದ್ದರೆ? ಬಾಗಿಲಿಗೂ ಹಾಕು, ಸ್ವಿಚ್ಚಿಗೂ ಹಾಕು. ಒಂದು ಹಾಕಿದರೆ ಮುಚ್ಚುತ್ತದೆ, ಇನ್ನೊಂದು ಹಾಕಿದರೆ ಹರಿಯುತ್ತದೆ. ಅವನ ಕೈ ಆಗ ಡಬ್ಬಿಯೊಳಗಿತ್ತೇ? ಕರೆಂಟು ಅಲ್ಲಿವರೆಗೂ ಹೋಗಿತ್ತೇ? ಹೋಗಿದ್ದರೆ ಗಂಡನನ್ನು ಕೊಂದದ್ದು ಅವಳ ಈ ತೋರುಬೆರಳು.

ಬೀಗ ತೆಗೆದು ಒಳಗೆ ಹೋದಳು. ಸ್ಕ್ರೂಡ್ರೈವರ್ ಬಿದ್ದಲ್ಲೇ ಬಿದ್ದಿತ್ತು. ಗೋಡೆಯ ಪ್ಲಗ್ಗಿಗೂ ಡಬ್ಬಿಗೂ ನಡುವೆ ಮರದ ಹಲಗೆ, ಅದರ ಮೇಲೊಂದು ಬಲ್ಬು. ಹಲಗೆ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಯ ಕಾಯಿಲ್ ಮಾಮನದು, ಕಡ ತಂದದ್ದು. ಹಳೆಯ ಯಂತ್ರಕ್ಕೆ ನೇರ ಕರೆಂಟು ಕೊಡಬಾರದು, ಬಲ್ಬಿನ ಮೂಲಕ ಕೊಡಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿದು ಯಂತ್ರ ಉಳಿಯುತ್ತದೆ. ಯಂತ್ರ ಉಳಿಯುತ್ತದೆ, ಮುಟ್ಟಿದವನು ಉಳಿಯುವುದಿಲ್ಲ. ಅದನ್ನೂ ಅವನೇ ಹೇಳಿದ್ದ.

ಹೊರಗೆ ಬಂದು, ಮರದ ಸ್ಕೇಲಿನ ತುದಿಯಿಂದ ಸ್ವಿಚ್ ಒತ್ತಿದಳು. ಬೆರಳಿಂದ ಆಗಲಿಲ್ಲ. ಬಲ್ಬು ಹತ್ತಲಿಲ್ಲ. ಕಂಪ್ಯೂಟರಿನ ಕೆಂಪು ದೀಪವೂ ಇಲ್ಲ.

ಒಂದೊಂದನ್ನೇ ಕಳೀತಾ ಹೋಗು, ಉಳಿದದ್ದೇ ಕಳ್ಳ ಎನ್ನುತ್ತಿದ್ದ ಅವನು. ಅದೇ ಪ್ಲಗ್ಗಿಗೆ ಫೋನಿನ ಚಾರ್ಜರ್ ಸಿಕ್ಕಿಸಿದಳು, ಕೆಲಸ ಮಾಡಿತು. ಬಲ್ಬು ಬಿಚ್ಚಿ ಅಡುಗೆಮನೆಯ ಹೋಲ್ಡರಿಗೆ ಹಾಕಿದಳು, ಹತ್ತಿತು. ಬಲ್ಬನ್ನು ವಾಪಸ್ ಸಿಕ್ಕಿಸಿ, ಹಲಗೆಗೆ ಡಬ್ಬಿಯ ಬದಲು ಇಸ್ತ್ರಿಪೆಟ್ಟಿಗೆ ಜೋಡಿಸಿದಳು, ಬಲ್ಬು ಹತ್ತಲಿಲ್ಲ. ಉಳಿದದ್ದು ಹಲಗೆ. ಆದರೆ ಹಲಗೆ ಕೆಟ್ಟದ್ದು ಯಾವಾಗ? ಅವನ ಮೈಯೊಳಗೆ ಕರೆಂಟು ಹರಿದ ಆ ಕ್ಷಣದಲ್ಲೇ ಒಳಗೇನೋ ಸುಟ್ಟುಹೋಗಿದ್ದರೆ?

ಹಲಗೆಯನ್ನು ಚೀಲಕ್ಕೆ ತುರುಕಿಕೊಂಡು ಅಂಗಡಿಗೆ ನಡೆದಳು.

ಕಾಯಿಲ್ ಮಾಮ ತಾಮ್ರದ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡದ್ದೇ ಎದ್ದು, ಸ್ಟೂಲು ಒರೆಸಿ ಕೊಟ್ಟ.

“ಇದನ್ನ ಕೊಡೋಕೆ ನೀನ್ಯಾಕಮ್ಮ ಬಂದೆ? ನಾನೇ ಬರ್ತಿದ್ದೆ.”

“ಮಾಮ, ಇದು ಹತ್ತೋದಿಲ್ಲ. ಯಾಕೆ ಅಂತ ಹೇಳಿ.”

ಅವನು ಅವಳ ಮುಖ ನೋಡಿದ. ಪ್ರಶ್ನೆ ಹಲಗೆಯದಲ್ಲ ಅಂತ ಅರ್ಥವಾಯಿತೋ ಏನೋ, ಹಲಗೆಯನ್ನು ತನ್ನತ್ತ ಎಳೆದುಕೊಂಡ.

“ಲೈನು ಮೊದಲು ಇಲ್ಲಿಗೆ ಬರುತ್ತೆ, ಫ್ಯೂಸಿಗೆ. ಸುಟ್ಟಿರಬೇಕು” ಎಂದು ಕಪ್ಪು ಮುಚ್ಚಳಕ್ಕೆ ಕೈ ಹಾಕಿದ.

“ಸುಟ್ಟಿದ್ರೆ ಅವತ್ತು ಕರೆಂಟು ಒಳಗೆ ಹರಿದಿತ್ತು ಅಂತ ತಾನೇ? ಸ್ವಿಚ್ ಹಾಕಿದ್ದು ನಾನು ಮಾಮ.”

ಅವನ ಕೈ ನಿಂತಿತು. ಆಮೇಲೆ ಮುಚ್ಚಳವನ್ನು ಸುತ್ತು ಸುತ್ತಾಗಿ, ನಿಧಾನಕ್ಕೆ ಬಿಚ್ಚಿದ. ಹಲಗೆಯನ್ನು ಬೋರಲು ಮಾಡಿ ಕುಟ್ಟಿದ. ಏನೂ ಬೀಳಲಿಲ್ಲ.

“ಫ್ಯೂಸೇ ಇಲ್ವಲ್ಲಮ್ಮ!”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ನೂರು ಸಲ ಸ್ವಿಚ್ ಒತ್ತು, ಈ ಹಲಗೆ ದಾಟಿ ಕರೆಂಟು ಹೋಗಲ್ಲ. ಕೈ ಒಳಗಿಡೋಕೆ ಮುಂಚೆ ಫ್ಯೂಸ್ ಜೇಬಿಗೆ ಅಂತ ನಾನೇ ಕಿವಿ ಹಿಂಡಿ ಕಲಿಸಿದ್ದು. ಮನೇಲಿ ನೋಡು, ಅವತ್ತಿನ ಷರಟಿನ ಜೇಬು.”

ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಕವರನ್ನು ಅವಳು ಈವರೆಗೆ ಬಿಚ್ಚಿರಲಿಲ್ಲ. ಓಡಿದಳು. ಜೇಬಿನಲ್ಲಿ ಸಿಕ್ಕರೆ ಉಳಿದಳು. ಸಿಗದಿದ್ದರೆ, ಅದು ಎಲ್ಲಿ ಯಾವಾಗ ಬಿತ್ತೋ ಹೇಳುವವರು ಯಾರು?

ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟಳು. ಅತ್ತೆ ಕವರು ಬಿಚ್ಚಿ, ಷರಟನ್ನು ಬಕೆಟ್ಟಿನ ನೊರೆಯಲ್ಲಿ ಮುಳುಗಿಸಿದ್ದರು.

“ಜೇಬು! ಜೇಬು ನೋಡಿದ್ರಾ?”

“ಅವನು ಸ್ಕೂಲಿಗೆ ಹೋಗೋವಾಗಿಂದ ಜೇಬು ನೋಡದೆ ಒಂದು ಬಟ್ಟೆ ನೆನೆಸಿದ್ದೀನಾ ನಾನು?” ಅತ್ತೆ ಕಿಟಕಿಕಟ್ಟೆಯ ತಟ್ಟೆ ತೋರಿಸಿದರು. ಪೆನ್ನಿನ ಮುಚ್ಚಳ, ಬಸ್ ಟಿಕೆಟ್ಟು, ಎರಡು ತುದಿಗೂ ಲೋಹದ ಟೋಪಿಯಿದ್ದ ಸಣ್ಣ ಗಾಜಿನ ಕೊಳವೆ. ಅತ್ತೆಯ ದನಿ ಇಳಿಯಿತು. “ಅದೇನೇ ಅದು? ಔಷಧಿ ಸೀಸೆನಾ? ನಂಗೆ ಹೇಳದೆ ಎದೆನೋವಿಗೆ ಏನಾದ್ರೂ ತಗೋತಿದ್ನಾ? ಆಗ್ಲಿಂದ ಅದನ್ನ ನೋಡ್ತಾ ಕೈಕಾಲೇ ಆಡ್ತಿಲ್ಲ.”

“ಔಷಧಿ ಅಲ್ಲ ಅತ್ತೆ. ಫ್ಯೂಸು. ಮಾಮಂದು.”

ಬೆಳಕಿಗೆ ಹಿಡಿದಳು. ಕೂದಲೆಳೆಯಂಥ ತಂತಿ ಈ ತುದಿಯಿಂದ ಆ ತುದಿವರೆಗೂ ಇಡಿಯಾಗಿತ್ತು. ಅತ್ತೆಯ ಒದ್ದೆ ಕೈ ಅವಳ ತೋಳನ್ನು ಹಿಡಿದುಕೊಂಡಿತು. ಇಬ್ಬರೂ ಆ ಕೊಳವೆಯನ್ನೇ ನೋಡುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಭಯ.

ಫ್ಯೂಸು ಜೇಬಲ್ಲಿದ್ದರೆ ಅವನು ಕೇಳಿದ್ದು ಸ್ವಿಚ್ಚಲ್ಲ. ಬಾಗಿಲು. ಅದನ್ನು ಅವಳು ಹಾಕಲೇ ಇಲ್ಲ.

ಮಧ್ಯಾಹ್ನ ಮತ್ತೆ ಅಂಗಡಿಗೆ ಹೋಗಿ ಫ್ಯೂಸನ್ನು ಮಾಮನ ಅಂಗೈಯಲ್ಲಿಟ್ಟಳು.

“ನೋಡಿದ್ಯಾ” ಎಂದ ಅವನು, ಅಷ್ಟೇ. ಅದನ್ನು ಹಲಗೆಗೆ ಹಾಕದೆ ತನ್ನ ಜೇಬಿಗೆ ಇಳಿಬಿಟ್ಟು ಕಣ್ಣೊರೆಸಿಕೊಂಡ. ಅವಳು ಹೊರಡಲು ಎದ್ದಾಗ ತಂತಿಯಿಂದ ತಲೆಯೆತ್ತದೆಯೇ ಅಂದ:

“ಹೋಗ್ತಾ ಹಾಕ್ಬಿಡಮ್ಮ.”

ಬಾಗಿಲ ಪಕ್ಕದಲ್ಲೇ ಸ್ವಿಚ್ಚುಗಳ ಸಾಲು. ಅವಳು ತಿರುಗಿ ನೋಡಿದಳು.

“ಏನನ್ನ ಮಾಮ?”

“ಬಾಗಿಲನ್ನ. ಧೂಳು ಬರ್ತಿದೆ.”

ಎರಡೂ ಕೈಯಿಂದ ಎಳೆದು, ಚಿಲಕದ ಸದ್ದು ಕೇಳುವವರೆಗೂ ಹಿಡಿದು ನಿಂತಳು.